ಘೋಟಿಯ ಸುತ್ತಲಿನ ಚಿರತೆಗಳು ಮತ್ತು ವನ್ಯಪ್ರಾಣಿ ಪುನರ್ವಸತಿ ಕೇಂದ್ರದ ತರಬೇತಿ

ಮುಂಬಯಿಯಿಂದ ನಾಸಿಕಕ್ಕೆ ಹೋಗುವ ನಮ್ಮ ಸಮಾಜ ಬಾಂಧವರಿಗೆ ಘೋಟಿ ಎಂದರೆ ಕಸಾರಾ ಘಾಟಿ ಏರಿ, ಇಗತಪುರಿ ದಾಟಿದ ಮೇಲೆ ಸಿಗುವ ಅಕ್ಕಿ ಗಿರಣಿಗಳ ಪೇಟೆ. ತ್ರ್ಯಂಬಕೇಶ್ವರಕ್ಕೂ ಸಿನ್ನರ್ ಮಾರ್ಗವಾಗಿ ಶಿರ್ಡಿಗೂ ಇಲ್ಲಿಂದಲೇ ದಾರಿ ಕವಲೊಡೆಯುತ್ತದೆ. ಆ ದಾರಿಯ ಇಕ್ಕೆಲದ ಗದ್ದೆ, ಗುಡ್ಡ, ಪೊದೆಗಳಲ್ಲಿ ಚಿರತೆಗಳು ಮನುಷ್ಯರ ಮಗ್ಗುಲಲ್ಲೇ ಸಂಸಾರ ಹೂಡಿವೆ ಎಂಬುದು ಹೆಚ್ಚಿನವರಿಗೆ ತಿಳಿದಿರಲಾರದು. 2020ರ ಆಗಸ್ಟ್ ತಿಂಗಳಲ್ಲಿ ಇಗತಪುರಿ ಪರಿಸರದ ಗುಡಿಸಲೊಂದರೊಳಗೆ ಹೆಣ್ಣು ಚಿರತೆಯೊಂದು ನಾಲ್ಕು ಮರಿಗಳಿಗೆ ಜನ್ಮವಿತ್ತ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತ್ತು.

ಇಂತಹ ಸುದ್ದಿಗಳನ್ನು ಓದಿ ಬೆಳೆದ ನಮ್ಮ ಮಕ್ಕಳಲ್ಲಿ ಕೆಲವರು ರಜೆಯಲ್ಲಿ ವನ್ಯಪ್ರಾಣಿ ಪುನರ್ವಸತಿ ಕೇಂದ್ರಗಳಿಗೆ ತರಬೇತಿಗಾಗಿ, ಅಂದರೆ ಇಂಟರ್ನ್‌ಶಿಪ್‌ಗಾಗಿ, ಹೋಗಬಯಸುವುದುಂಟು. ಪಾಲಕರಿಗೆ ಭಯ, ಮಕ್ಕಳಿಗೆ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಹಾಲೂಡಿಸುವ ಕನಸು. ಭಯಕ್ಕಿಂತ ಈ ಕನಸನ್ನೇ ಮೊದಲು ತಿದ್ದಬೇಕೆಂಬುದು ನಮ್ಮ ಅಭಿಪ್ರಾಯ.

ಘೋಟಿಯ ದಕ್ಷಿಣಕ್ಕೆ ಮಹಾರಾಷ್ಟ್ರದ ಅತ್ಯುನ್ನತ ಶಿಖರವಾದ, 1646 ಮೀಟರ್ ಎತ್ತರದ ಕಳಸೂಬಾಯಿ ಇದೆ. ಅದರ ಆಚೆ ಮಗ್ಗುಲು ಅಕೋಲೆ ತಾಲ್ಲೂಕು. ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಅಲ್ಲಿಯ ಕೃಷಿಭೂಮಿಯಲ್ಲಿ ಸ್ವಯಂಚಾಲಿತ ಕ್ಯಾಮರಾಗಳನ್ನಿಟ್ಟು ನಡೆಸಿದ, 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 100 ಚದರ ಕಿಲೋಮೀಟರಿಗೆ ಸುಮಾರು 5 ಚಿರತೆಗಳಿದ್ದವು. ಅದೂ ಕಾಡಿನಲ್ಲಲ್ಲ, ಕಬ್ಬಿನ ಹೊಲಗಳ ನಡುವೆ. ಈ ಸೀಮೆಯ ಆದಿವಾಸಿಗಳು ವಾಘೋಬಾ ಎಂಬ ದೇವರಿಗೆ ನಡೆದುಕೊಳ್ಳುತ್ತಾರೆ. ಪಿಲಿಚಾಮುಂಡಿಯನ್ನು ನಂಬುವ ತುಳುನಾಡಿನ ನಮ್ಮ ಬಂಧುಗಳಿಗೆ ಇದು ಹೊಸತೆನಿಸಲಾರದು.

ಸಿನ್ನರ್, ಸಂಗಮನೇರ್ ಹಾದು ಪುಣೆಯತ್ತ ಇಳಿದರೆ ಜುನ್ನರ್ ತಾಲ್ಲೂಕಿನ ಮಾಣಿಕ್‌ಡೋಹ ಸಿಗುತ್ತದೆ. ಇಲ್ಲಿಯ ಚಿರತೆ ರಕ್ಷಣಾ ಕೇಂದ್ರವನ್ನು 2007ರಿಂದ ಮಹಾರಾಷ್ಟ್ರ ಅರಣ್ಯ ಇಲಾಖೆಯ ಜೊತೆಗೂಡಿ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ನೋಡಿಕೊಳ್ಳುತ್ತ ಬಂದಿದೆ. ಇದರ ಹಿಂದೊಂದು ಕಹಿ ಪಾಠವಿದೆ. 2001ರಲ್ಲಿ ಜುನ್ನರ್ ಸೀಮೆಯ ಚಿರತೆಗಳನ್ನು ಹಿಡಿದು, ಸರಾಸರಿ ಸುಮಾರು 40 ಕಿಲೋಮೀಟರ್ ದೂರದ ಕಾಡುಗಳಲ್ಲಿ ಬಿಡಲಾರಂಭಿಸಿದರು. ಅದಕ್ಕೆ ಮುನ್ನ ಮನುಷ್ಯರ ಮೇಲೆ ವರ್ಷಕ್ಕೆ ಸರಾಸರಿ 4 ದಾಳಿಗಳಾಗುತ್ತಿದ್ದರೆ, ಅನಂತರ ಆ ಸಂಖ್ಯೆ 17ಕ್ಕೆ ಏರಿತು! ನೆಲೆ ತಪ್ಪಿದ ಪ್ರಾಣಿಯೇ ಹೆಚ್ಚು ಅಪಾಯಕಾರಿ ಎಂದು ಸಂಶೋಧಕರು ಕಂಡುಕೊಂಡರು. ಚಿರತೆಯನ್ನು ಹಿಡಿದು ಒಯ್ಯುವುದೇ ಪರಿಹಾರವೆಂದು ಇಂದಿಗೂ ಗ್ರಾಮಸ್ಥರು ಒತ್ತಾಯಿಸುತ್ತಾರೆ. ಮನೆಯಂಗಳದಲ್ಲಿ ಮಗುವನ್ನು ಕಳೆದುಕೊಂಡ ಊರಿಗೆ ಈ ಅಂಕಿಗಳನ್ನು ವಿವರಿಸುವುದು ಸುಲಭವಲ್ಲ ಎಂಬುದನ್ನೂ ನಾವು ಬಲ್ಲೆವು.

ಚಳಿಗಾಲದ ಕಬ್ಬು ಕಟಾವಿನಲ್ಲಿ ಮರಿಗಳು ಕಣ್ಣಿಗೆ ಬೀಳುವುದು ಹೆಚ್ಚು. ತಾಯಿ ಬೇಟೆಗೆ ಹೋಗಿರುತ್ತದೆ, ಮರಿ ತಬ್ಬಲಿಯಂತೆ ತೋರುತ್ತದೆ. ಆಗ ಮಾಡಬೇಕಾದದ್ದು ಅದನ್ನು ಮನೆಗೆ ಒಯ್ದು ಹಾಲು ಕುಡಿಸುವುದಲ್ಲ. ಪಶುವೈದ್ಯರು ಮರಿಯನ್ನು ಪರೀಕ್ಷಿಸಿ, ಉಣ್ಣೆಗಳನ್ನು ತೆಗೆದು, ಗುರುತಿಗಾಗಿ ಚರ್ಮದಡಿ ಮೈಕ್ರೋಚಿಪ್ ಇರಿಸಿ, ಸಂಜೆಯಾಗುತ್ತಲೇ ಅದೇ ಹೊಲದಲ್ಲಿ ಪೆಟ್ಟಿಗೆಯೊಂದರಲ್ಲಿಟ್ಟು ದೂರ ಸರಿಯುತ್ತಾರೆ. ಕ್ಯಾಮರಾ ಕಾಯುತ್ತದೆ. ಕತ್ತಲಲ್ಲಿ ತಾಯಿ ಬಂದು ಪೆಟ್ಟಿಗೆಯನ್ನು ಉರುಳಿಸಿ ಮರಿಯನ್ನು ಕಚ್ಚಿಕೊಂಡು ಹೋಗುತ್ತದೆ. ಬಾರದಿದ್ದರೆ ಮರುದಿನ ಮತ್ತೆ ಪ್ರಯತ್ನ. ಮನುಷ್ಯರ ಕೈಯಲ್ಲಿ ಬೆಳೆದ ಚಿರತೆಮರಿಗೆ ಬೇಟೆಯೂ ಬಾರದು, ಮನುಷ್ಯರ ಅಂಜಿಕೆಯೂ ಉಳಿಯದು. ಮುಂದೆ ಅದಕ್ಕೆ ಪಂಜರವೇ ಗತಿ. ಮರಿಯನ್ನು ಮುದ್ದಿಸುವ ಕೈ ಅದರ ಕಾಡನ್ನು ಕಸಿದುಕೊಳ್ಳುತ್ತದೆ ಎಂಬುದನ್ನು ತರಬೇತಿಗೆ ಹೊರಟ ವಿದ್ಯಾರ್ಥಿ ಮೊದಲ ದಿನವೇ ಅರಿತಿರಬೇಕು.

ಹಾಗಾದರೆ ಅವರ ಕೆಲಸವೇನು? ಗೂಡು ತೊಳೆಯುವುದು, ಆಹಾರ ಕತ್ತರಿಸಿ ತೂಗುವುದು, ತಿಂದದ್ದೆಷ್ಟು ಉಳಿದದ್ದೆಷ್ಟು ಎಂದು ಬರೆದಿಡುವುದು, ದೂರದಿಂದ ಗಮನಿಸುವುದು. ಗಟ್ಟಿಯಾಗಿ ಮಾತನಾಡುವಂತಿಲ್ಲ, ಹಿಡಿತಕ್ಕೆ ಸಿಕ್ಕಿದ ಗಾಬರಿಯಿಂದಲೇ ಪ್ರಾಣ ಬಿಡುವ ಜೀವಿಗಳುಂಟು. ಚಿಕಿತ್ಸೆ ಪಶುವೈದ್ಯರದು. ಪಶುವೈದ್ಯಕೀಯ ಪದವಿಯಲ್ಲಿ ನಾಲ್ಕೂವರೆ ವರ್ಷಗಳ ಓದಿನ ಬಳಿಕ ಒಂದು ವರ್ಷದ ತರಬೇತಿ ಕಡ್ಡಾಯವಾಗಿದ್ದು, ಅಂತಹವರಿಗೆ ಶಸ್ತ್ರಚಿಕಿತ್ಸೆಯಲ್ಲಿ ನೆರವಾಗುವ ಅವಕಾಶ ಸಿಗಬಹುದು. ಬಂದ ಪ್ರಾಣಿಗಳಲ್ಲಿ ಅನೇಕವು ಸಾಯುತ್ತವೆ. ಹದಿಹರೆಯದವರಿಗೆ ಇದೇ ಕಠಿಣ ಪಾಠ. ರಾತ್ರಿ ದೂರವಾಣಿಯಲ್ಲಿ ಮಗಳು ಅತ್ತರೆ ಪಾಲಕರು ಗಾಬರಿಯಾಗಬೇಕಿಲ್ಲ.

ತಾಯ್ನಾಡಿನಲ್ಲಿ ತರಬೇತಿ ಬಯಸುವವರು ಎರಡು ಬಗೆಯ ಕೇಂದ್ರಗಳ ಅಂತರವನ್ನು ತಿಳಿದಿರಬೇಕು. ಬೆಂಗಳೂರು ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯದು ಆಸ್ಪತ್ರೆ. ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕೊಯ್ದುಕೊಂಡ ಹದ್ದುಗಳು, ಮನೆಗಳಿಗೆ ನುಗ್ಗಿದ ಹಾವುಗಳು ಗುಣವಾದ ಮೇಲೆ ಬಿಡುಗಡೆಗೊಳ್ಳುತ್ತವೆ. (ಸಂಕ್ರಾಂತಿಗೆ ನಾಸಿಕ ಜಿಲ್ಲೆಯ ಯೇವಲೆಯಲ್ಲಿ ಪಟದ ಸಡಗರ ಕಂಡವರಿಗೆ ಮಾಂಜಾದ ಹರಿತ ಹೇಳಬೇಕಾಗಿಲ್ಲ.) ಬನ್ನೇರುಘಟ್ಟದ ಕರಡಿ ರಕ್ಷಣಾ ಕೇಂದ್ರವಾದರೋ ಆಜೀವ ಆಶ್ರಯ. ಕಲಂದರರು ಕುಣಿಸುತ್ತಿದ್ದ ಕರಡಿಗಳನ್ನು ಅಲ್ಲಿಗೆ ತರಲಾಯಿತು. ಆ ಪದ್ಧತಿಯ ಕೊನೆಯ ಕರಡಿ ಬಿಡುಗಡೆಯಾದದ್ದು 2009ರಲ್ಲಿ. ಹಲ್ಲು ಕಿತ್ತು ಮೂತಿ ಚುಚ್ಚಿದ ಆ ಪ್ರಾಣಿಗಳು ಕಾಡಿಗೆ ಮರಳಲಾರವು. ಮಾಣಿಕ್‌ಡೋಹದ ಪಂಜರಗಳಲ್ಲಿರುವ ಚಿರತೆಗಳಲ್ಲೂ ಹಲವು ಇದೇ ಬಗೆಯವು.

ಹೊರಡುವ ಮುನ್ನ ಕೆಲವು ಮಾತು. ರೇಬಿಸ್ ನಿರೋಧಕ ಚುಚ್ಚುಮದ್ದನ್ನು 0, 7 ಮತ್ತು 21 ಅಥವಾ 28ನೆಯ ದಿನ ಮುಂಚಿತವಾಗಿ ಹಾಕಿಸಿಕೊಳ್ಳಬೇಕು, ಧನುರ್ವಾಯುವಿನದೂ ಆಗಿರಲಿ. ಕೇಂದ್ರಕ್ಕೆ ಅರಣ್ಯ ಇಲಾಖೆಯ ಅನುಮತಿಯಿದೆಯೇ, ಪೂರ್ಣಾವಧಿ ಪಶುವೈದ್ಯರಿದ್ದಾರೆಯೇ, ವಸತಿಗೆ ಶುಲ್ಕವೆಷ್ಟು ಎಂದು ವಿಚಾರಿಸಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅನುಮತಿಯಿಲ್ಲದೆ ವನ್ಯಪ್ರಾಣಿಯನ್ನು ಇರಿಸಿಕೊಳ್ಳುವುದು ಅಪರಾಧ. ಮರಿಗಳನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳಬಹುದೆಂದು ಆಮಿಷ ಒಡ್ಡುವ ಸ್ಥಳವನ್ನು ದೂರವಿಡುವುದೇ ಲೇಸು. ಇನ್ನು ಘೋಟಿಯ ದಾರಿಯಲ್ಲಿ ಗಾಯಗೊಂಡ ಪ್ರಾಣಿಯೇನಾದರೂ ಕಂಡುಬಂದಲ್ಲಿ ವಾಹನದಿಂದ ಇಳಿಯದೆ ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನು ತಿಳಿಸಿರಿ.