ಹಂಚಿಕೆಯ ವಿದ್ಯುನ್ಮಾನ ವೈದ್ಯಕೀಯ ದಾಖಲೆ

ರೋಗಿಯ ತಪಾಸಣೆ, ಔಷಧ, ಶಸ್ತ್ರಚಿಕಿತ್ಸೆ, ಲಸಿಕೆಗಳ ವಿವರವನ್ನು ಕಂಪ್ಯೂಟರಿನಲ್ಲಿ ಬರೆದಿಟ್ಟು, ಅವರನ್ನು ಮುಂದೆ ನೋಡುವ ಬೇರೆ ಆಸ್ಪತ್ರೆಯ ವೈದ್ಯರೂ ಒಪ್ಪಿಗೆ ಪಡೆದು ಓದಬಹುದಾದ ವ್ಯವಸ್ಥೆ. ಭಾರತದಲ್ಲಿ ಇದರ ತಳಹದಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್. 2020ರ ಆಗಸ್ಟ್ 15ರಂದು ಬೇರೆ ಹೆಸರಿನಲ್ಲಿ ಘೋಷಣೆಯಾಗಿ, ಆರು ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಯೋಗ ನಡೆದ ಮೇಲೆ 2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ವಿಸ್ತರಿಸಿತು. ನಡೆಸುವುದು ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರ.

ಇದು ಯಾರಿಗೆ ಬೇಕು ಎಂಬುದು ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಕುಬಿಹಾಳದಂಥ ಊರಿನಿಂದ ನೋಡಿದರೆ ಚೆನ್ನಾಗಿ ತಿಳಿಯುತ್ತದೆ. ಇಂಥ ಊರಿನ ರೋಗಿ ಮೊದಲು ಹತ್ತಿರದ ಖಾಸಗಿ ಡಾಕ್ಟರಿಂದ ಇಂಜೆಕ್ಷನ್ ಮಾಡಿಸಿಕೊಳ್ಳುತ್ತಾರೆ. ಕಡಿಮೆಯಾಗದಿದ್ದರೆ ಕುಂದಗೋಳದ ತಾಲ್ಲೂಕು ದವಾಖಾನೆ, ಅಲ್ಲಿಯೂ ಆಗದಿದ್ದರೆ ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎಂದು ಕರೆಯುವ ಸರ್ಕಾರಿ ಆಸ್ಪತ್ರೆ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಮಡಿಕೆ ಹರಿದ ಚೀಟಿ, ಖಾಲಿ ಗುಳಿಗೆ ಪಾಕೀಟು, ಬಿಸಿಲಿಗೆ ಗೆರೆ ಮಾಸಿದ ಇಸಿಜಿ ಕಾಗದ. ಯಾವ ಗುಳಿಗೆ ಎಂದು ಕೇಳಿದರೆ ‘ಸಣ್ಣದು, ಬಿಳೇದು’ ಎನ್ನುವುದು ಬಿಟ್ಟು ಬೇರೆ ಉತ್ತರವಿಲ್ಲ. ಆಗ ವೈದ್ಯರು ರಕ್ತ ಪರೀಕ್ಷೆಯನ್ನು ಮತ್ತೆ ಬರೆಯುತ್ತಾರೆ. ಒಂದೇ ಔಷಧವನ್ನು ಎರಡು ಹೆಸರಿನಲ್ಲಿ ರೋಗಿ ನುಂಗುವುದೂ ಉಂಟು. ರಕ್ತ ತೆಳುವಾಗಿಸುವ ಗುಳಿಗೆ ನಡೆದಿರುವುದು ಗೊತ್ತಾಗದೆ ಶಸ್ತ್ರಚಿಕಿತ್ಸೆಗೆ ಒಯ್ದರೆ ಜೀವಕ್ಕೇ ಅಪಾಯ. ಹಂಚಿಕೆಯ ದಾಖಲೆಯ ನಿಜವಾದ ಉಪಕಾರ ಇರುವುದು ಒಂದು ದವಾಖಾನೆಯಿಂದ ಇನ್ನೊಂದಕ್ಕೆ ಸಾಗುವ ಈ ಹಾದಿಯಲ್ಲೇ.

ಕಾಗದದ ಕಾಲದಲ್ಲೇ ಈ ಕೆಲಸವನ್ನು ಒಪ್ಪವಾಗಿ ಮಾಡಿದ್ದು ಕರ್ನಾಟಕದ ಗರ್ಭಿಣಿಯರ ಕೈಯಲ್ಲಿರುವ ತಾಯಿ ಕಾರ್ಡ್. ರಕ್ತದ ಗುಂಪು, ಹಿಮೋಗ್ಲೋಬಿನ್, ಬಿಪಿ, ಹೆರಿಗೆಯ ಅಂದಾಜು ದಿನಾಂಕ ಎಲ್ಲ ಒಂದೇ ಕಡೆ ಇರುವುದರಿಂದ, ನಡುರಾತ್ರಿ ಬಂದ ಹೆಂಗಸಿನ ಸ್ಥಿತಿಯನ್ನು ಅಪರಿಚಿತ ನರ್ಸ್ ಕೂಡ ಒಂದು ನಿಮಿಷದಲ್ಲಿ ಅರಿಯಬಲ್ಲಳು. ಆ ಕಾರ್ಡು ಆಕೆಯ ಕೈಯಲ್ಲೇ ಇರುತ್ತದೆ, ತೋರಿಸುವವಳೂ ಆಕೆಯೇ. ಈ ಎರಡನೆಯ ಗುಣವನ್ನು ಡಿಜಿಟಲ್ ವ್ಯವಸ್ಥೆ ಉಳಿಸಿಕೊಂಡಿದೆಯೇ ಎಂಬುದೇ ದೊಡ್ಡ ಪ್ರಶ್ನೆ.

ವ್ಯವಸ್ಥೆಯ ಬುಡದಲ್ಲಿರುವುದು ಆಭಾ ಎಂಬ 14 ಅಂಕಿಗಳ ಸಂಖ್ಯೆ. ಎಲ್ಲರ ದಾಖಲೆಯೂ ದಿಲ್ಲಿಯ ಒಂದೇ ಕಂಪ್ಯೂಟರಿಗೆ ಹೋಗುತ್ತದೆ ಎಂಬ ತಿಳಿವಳಿಕೆ ಸರಿಯಲ್ಲ. ದಾಖಲೆ ಹುಟ್ಟಿದ ಆಸ್ಪತ್ರೆಯಲ್ಲೇ ಉಳಿಯುತ್ತದೆ; ಆಭಾ ಅವುಗಳನ್ನು ಜೋಡಿಸುತ್ತದೆ. ಹೊಸ ವೈದ್ಯರು ನೋಡಬೇಕಾದರೆ ಯಾವ ಕಾರಣಕ್ಕೆ, ಯಾವ ಅವಧಿಯ, ಯಾವ ಬಗೆಯ ದಾಖಲೆ, ಎಲ್ಲಿಯವರೆಗೆ ಎಂದು ಕೋರಿಕೆ ಕಳುಹಿಸಬೇಕು. ರೋಗಿ ಒಪ್ಪಬಹುದು, ನಿರಾಕರಿಸಬಹುದು, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂಬಹುದು. ಆಭಾ ಮಾಡಿಸುವುದು ಕಡ್ಡಾಯವಲ್ಲ. ಸಂಖ್ಯೆ ಇದ್ದ ಮಾತ್ರಕ್ಕೆ ದಾಖಲೆ ಇದೆ ಎಂದೂ ಅರ್ಥವಲ್ಲ: ಹೊರರೋಗಿಗಳ ಗದ್ದಲದಲ್ಲಿ ಚೀಟಿ ಮಾಡುವ ಕೌಂಟರ್ ಮಾತ್ರ ಡಿಜಿಟಲ್ ಆಗಿ, ವೈದ್ಯರ ಬರಹ ಕಾಗದದಲ್ಲೇ ಉಳಿದರೆ ಮುಂದಿನ ಆಸ್ಪತ್ರೆಗೆ ದಕ್ಕುವುದು ಹೆಸರು, ವಯಸ್ಸು ಅಷ್ಟೇ. ತಪ್ಪು ನಮೂದಾದರೆ ಆ ತಪ್ಪೂ ಊರಿಂದೂರಿಗೆ ಹೋಗುತ್ತದೆ.

ಖಾಸಗಿತನದ ಚರ್ಚೆ ಸಾಮಾನ್ಯವಾಗಿ ಸೈಬರ್ ಕಳ್ಳರ ಸುತ್ತ ನಡೆಯುತ್ತದೆ. 2022ರ ನವೆಂಬರ್ 23ರಂದು ದಿಲ್ಲಿಯ ಏಮ್ಸ್‌ನ ಸರ್ವರ್‌ಗಳ ಮೇಲೆ ದಾಳಿಯಾಗಿ, ಹಲವು ದಿನ ಅಲ್ಲಿ ಕೈಬರಹದಲ್ಲೇ ಕೆಲಸ ಸಾಗಿದ್ದರಿಂದ ಆ ಭಯ ಸುಳ್ಳಲ್ಲ. ಹಳ್ಳಿಯಲ್ಲಿ ಮಾತ್ರ ಅಪಾಯ ಇನ್ನೂ ಹತ್ತಿರದ್ದು. ಒಪ್ಪಿಗೆಯ ಒಟಿಪಿ ಬರುವುದು ಮೊಬೈಲಿಗೆ. ಮೊಬೈಲ್ ಇರುವುದು ಎಷ್ಟೋ ಮನೆಗಳಲ್ಲಿ ಗಂಡನ ಅಥವಾ ಮಗನ ಕಿಸೆಯಲ್ಲಿ. ಒಂದೇ ಸಂಖ್ಯೆಗೆ ಮನೆಯ ಹಲವರ ಆಭಾ ಜೋಡಿಸಲು ಅವಕಾಶವೂ ಇದೆ. ಕೌಂಟರಿನ ಮುಂದೆ ಒಟಿಪಿಯನ್ನು ಗಟ್ಟಿಯಾಗಿ ಓದಿ ಹೇಳಿದವರು ತಾವು ಯಾವುದಕ್ಕೆ ಒಪ್ಪಿದೆವೆಂದು ಅರಿತಿರುವುದು ಅಪರೂಪ. ಎಚ್‌ಐವಿ, ಕ್ಷಯ, ಗರ್ಭಪಾತ, ಮಾನಸಿಕ ಕಾಯಿಲೆ ಊರಿನವರ ಕಣ್ಣಿಗೆ ಬೀಳಬಾರದೆಂದು ದೂರದ ಆಸ್ಪತ್ರೆಗೆ ಹೋಗುವುದು ಹಳ್ಳಿಗರ ಹಳೆಯ ಉಪಾಯ. ದೂರವೇ ಅವರ ಗುಟ್ಟನ್ನು ಕಾಯುತ್ತಿತ್ತು. ದಾಖಲೆ ಹಂಚಿಕೆಯಾದಾಗ ಆ ದೂರ ಇಲ್ಲವಾಗುತ್ತದೆ. ಅದರ ಜಾಗದಲ್ಲಿ ನಿಲ್ಲಬೇಕಾದದ್ದು ಕಾನೂನು ಮತ್ತು ಸಿಬ್ಬಂದಿಯ ಶಿಸ್ತು.

ಆ ಕಾನೂನಿನ ಬೇರು ಕರ್ನಾಟಕಕ್ಕೂ ತಾಗಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ 2012ರಲ್ಲಿ ಹೂಡಿದ ಮೊಕದ್ದಮೆಯಲ್ಲೇ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಪಿತ್ತಿತು. ಅದೇ ವರ್ಷದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಡಿಜಿಟಲ್ ರೂಪದಲ್ಲಿರುವ ಮಾಹಿತಿಗೂ ಗೋಪ್ಯತೆಯ ಹಕ್ಕು ಅನ್ವಯಿಸುತ್ತದೆಂದು ಸ್ಪಷ್ಟವಾಗಿ ಹೇಳಿದೆ. ಕರ್ನಾಟಕವು ನಿಮ್ಹಾನ್ಸ್ ಮತ್ತು ಬೆಂಗಳೂರಿನ ಐಐಐಟಿಯ ನೆರವಿನಿಂದ ಮಾನಸಿಕ ಆರೋಗ್ಯಕ್ಕೆಂದೇ ಇ-ಮಾನಸ್ ಎಂಬ ವ್ಯವಸ್ಥೆ ಕಟ್ಟಿಸಿದ್ದು ವಿವೇಕದ ಕೆಲಸ. ಇಂಥ ದಾಖಲೆ ಜ್ವರ-ಕೆಮ್ಮಿನ ಚೀಟಿಯ ಜೊತೆ ಬೆರೆಯಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೇಳುವ ಸೂಚನೆಯನ್ನು ಕನ್ನಡವೂ ಸೇರಿದಂತೆ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಅವಕಾಶ ಕೊಡಬೇಕು. ಆದರೆ ಆರೋಗ್ಯ ಮಾಹಿತಿಗೆಂದು ಹೆಚ್ಚಿನ ರಕ್ಷಣೆಯ ಪ್ರತ್ಯೇಕ ವರ್ಗವನ್ನು ಈ ಕಾಯ್ದೆ ಮಾಡಿಲ್ಲ. ಇದು ನಿಜವಾದ ಕೊರತೆ. ಹಿಡಿತವನ್ನು ರೋಗಿಗೇ ಕೊಡುವ ದಾರಿ ಬೇರೆಡೆ ಇದೆ: ಎಸ್ಟೋನಿಯಾದಲ್ಲಿ ತನ್ನ ದಾಖಲೆಯನ್ನು ಯಾರು ಯಾವಾಗ ತೆರೆದರೆಂದು ರೋಗಿಯೇ ನೋಡಬಹುದು, ಬೇಡವಾದರೆ ಮುಚ್ಚಿಸಬಹುದು.

ಆಭಾ ಇಲ್ಲದವರಿಗೂ ಒಂದು ಹಕ್ಕಿದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳಂತೆ ಒಳರೋಗಿಯ ದಾಖಲೆಯನ್ನು ಮೂರು ವರ್ಷ ಕಾಪಾಡಬೇಕು. ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು.