ರಿಕ್‌ವುಡ್ ಫೀಲ್ಡ್: ಒಂದೇ ಅಂಗಣದಲ್ಲಿ ಎರಡು ತಂಡಗಳ ಚರಿತ್ರೆ

ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದ ಪಶ್ಚಿಮ ಭಾಗದಲ್ಲಿ, ರೈಲು ಹಳಿಗೆ ಹತ್ತಿರವಾಗಿ, ರಿಕ್‌ವುಡ್ ಫೀಲ್ಡ್ ಎಂಬ ಬೇಸ್‌ಬಾಲ್ ಕ್ರೀಡಾಂಗಣವಿದೆ. 1910ರ ಆಗಸ್ಟ್ 18ರಂದು ಬಾಗಿಲು ತೆರೆದ ಇದು, ಆ ದೇಶದಲ್ಲಿ ಇಂದಿಗೂ ಉಳಿದಿರುವ ವೃತ್ತಿಪರ ಬೇಸ್‌ಬಾಲ್ ಅಂಗಣಗಳಲ್ಲೆಲ್ಲ ಹಿರಿಯದು. ಬಾಸ್ಟನ್ನಿನ ಫೆನ್‌ವೇ ಪಾರ್ಕ್ ಬಂದದ್ದು 1912ರಲ್ಲಿ, ಷಿಕಾಗೋದ ರಿಗ್ಲಿ ಫೀಲ್ಡ್ 1914ರಲ್ಲಿ. ಅವೆರಡೂ ಮೇಜರ್ ಲೀಗ್‌ನ ಮೈದಾನಗಳು. ಅವುಗಳ ಹೆಸರು ಜಗತ್ತಿಗೇ ಗೊತ್ತು. ರಿಕ್‌ವುಡ್ ಮೈನರ್ ಲೀಗ್‌ನ ಮನೆಯಾಗಿತ್ತು. ನಮ್ಮಲ್ಲಿ ರಣಜಿ ಪಂದ್ಯಗಳು ಭಾರತ ತಂಡಕ್ಕೆ ಆಟಗಾರರನ್ನು ಬೆಳೆಸಿಕೊಡುವಂತೆ, ಅಲ್ಲಿ ಮೈನರ್ ಲೀಗ್ ತಂಡಗಳು ಮೇಲಿನ ಹಂತಕ್ಕೆ ಆಟಗಾರರನ್ನು ತಯಾರು ಮಾಡುತ್ತವೆ. ಇಂಥ ಮೈದಾನಗಳ ಚರಿತ್ರೆ ಹೆಚ್ಚಾಗಿ ಊರಿನವರ ನೆನಪಿನಲ್ಲೇ ಉಳಿದು, ಅವರೊಂದಿಗೇ ಮರೆಯಾಗುತ್ತದೆ. ರಿಕ್‌ವುಡ್ ಹಾಗೆ ಮರೆಯಾಗಲಿಲ್ಲ. ಅದು ಏಕೆ ಉಳಿಯಿತು, ಉಳಿದು ಏನನ್ನು ಹೇಳುತ್ತಿದೆ ಎಂಬುದನ್ನು ದಾಖಲಿಸುವುದು ಈ ಲೇಖನದ ಉದ್ದೇಶ.

ಕಿಟ್ಟದ ಗುಡ್ಡೆಯಿಂದ ಕಾಂಕ್ರೀಟ್ ಗ್ಯಾಲರಿಗೆ

ಬರ್ಮಿಂಗ್‌ಹ್ಯಾಮ್ ಹುಟ್ಟಿದ್ದು 1871ರಲ್ಲಿ. ಕಬ್ಬಿಣದ ಅದಿರು, ಕಲ್ಲಿದ್ದಲು, ಸುಣ್ಣದಕಲ್ಲು ಈ ಮೂರೂ ಒಂದೇ ಕಡೆ ದೊರೆಯುವ ನೆಲ ಅದು. ಕುಲುಮೆಗಳು ಎದ್ದವು, ದುಡಿಯುವ ಜನ ನಾಲ್ಕೂ ದಿಕ್ಕಿನಿಂದ ಬಂದರು, ಕೆಲವೇ ದಶಕಗಳಲ್ಲಿ ಅದು ದೊಡ್ಡ ಪಟ್ಟಣವಾಯಿತು. ಆ ವೇಗಕ್ಕೆ ಬೆರಗಾದ ಜನ ಅದನ್ನು ಮಾಯಾನಗರಿ ಎಂದೇ ಕರೆದರು. ರಿಕ್‌ವುಡ್‌ಗೆ ಮೊದಲು ಊರಿನ ತಂಡ ಆಡುತ್ತಿದ್ದ ಮೈದಾನದ ಪಕ್ಕದಲ್ಲಿ ಕುಲುಮೆಯಿಂದ ತಂದು ಸುರಿದ ಕಿಟ್ಟದ ಗುಡ್ಡೆಯಿತ್ತು. ಟಿಕೆಟ್ಟಿಗೆ ಕಾಸಿಲ್ಲದವರು ಆ ಗುಡ್ಡೆ ಹತ್ತಿ ನಿಂತು ಆಟ ನೋಡುತ್ತಿದ್ದರು. ಹಾಗಾಗಿ ಮೈದಾನಕ್ಕೆ ಕಿಟ್ಟದ ಗುಡ್ಡೆ ಎಂಬ ಹೆಸರೇ ನಿಂತುಬಿಟ್ಟಿತ್ತು.

ಉಕ್ಕಿನ ಉದ್ಯಮದ ಕುಟುಂಬಕ್ಕೆ ಸೇರಿದ ರಿಕ್ ವುಡ್‌ವರ್ಡ್ ಎಂಬ ಯುವಕ ಬರ್ಮಿಂಗ್‌ಹ್ಯಾಮ್ ಬ್ಯಾರನ್ಸ್ ತಂಡವನ್ನು ಕೊಂಡಾಗ, ತಂಡಕ್ಕೊಂದು ಸರಿಯಾದ ಮನೆ ಬೇಕೆಂದು ಹಟ ಹಿಡಿದರು. ಆಗ ಮೈನರ್ ಲೀಗ್ ಮೈದಾನ ಎಂದರೆ ಮರದ ಗ್ಯಾಲರಿ. ಒಂದು ಬೆಂಕಿಯ ಕಿಡಿ ಸಾಕಿತ್ತು, ಎಲ್ಲ ಬೂದಿಯಾಗಲು. ವುಡ್‌ವರ್ಡ್ ಕಾಂಕ್ರೀಟು, ಉಕ್ಕು ಬಳಸಿಯೇ ಕಟ್ಟಿಸಿದರು. ಪಿಟ್ಸ್‌ಬರ್ಗ್‌ನ ಫೋರ್ಬ್ಸ್ ಫೀಲ್ಡ್ ಮತ್ತು ಫಿಲಡೆಲ್ಫಿಯಾದ ಶೈಬ್ ಪಾರ್ಕ್ ಅವರ ಕಣ್ಣ ಮುಂದಿದ್ದ ಮಾದರಿಗಳು. ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡದ ಪ್ರಸಿದ್ಧ ಮ್ಯಾನೇಜರ್ ಕಾನಿ ಮ್ಯಾಕ್ ಅಂಗಣದ ಅಳತೆ, ವಿನ್ಯಾಸಗಳಿಗೆ ಸಲಹೆ ಕೊಟ್ಟರು. ಖರ್ಚಾದದ್ದು ಸುಮಾರು 75 ಸಾವಿರ ಡಾಲರ್. ಹೆಸರಿಗಾಗಿ ಊರಿನಲ್ಲಿ ಸ್ಪರ್ಧೆ ಏರ್ಪಟ್ಟು, ಮಾಲೀಕರ ಹೆಸರಿನ ಎರಡು ತುಣುಕುಗಳನ್ನೇ ಕೂಡಿಸಿದ ‘ರಿಕ್‌ವುಡ್’ ಆಯ್ಕೆಯಾಯಿತು.

ಉದ್ಘಾಟನೆಯ ದಿನ ಊರಿನ ಅಂಗಡಿ, ಕಚೇರಿಗಳು ಮುಚ್ಚಿದವು. ಹತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದರು. ವುಡ್‌ವರ್ಡ್ ಸ್ವತಃ ಮೊದಲ ಚೆಂಡು ಎಸೆದರು. ಮಾಂಟ್ಗೊಮರಿ ತಂಡವನ್ನು ಬ್ಯಾರನ್ಸ್ 3–2ರಿಂದ ಸೋಲಿಸಿತು.

1928ರಲ್ಲಿ ಸ್ಪ್ಯಾನಿಷ್ ಶೈಲಿಯ ಮುಖಮಂಟಪ ಸೇರಿತು. 1936ರಲ್ಲಿ ದೀಪಗಳು ಬಂದವು. ಕಬ್ಬಿಣದ ಜಾಲರಿ ಗೋಪುರಗಳ ಮೇಲೆ, ಚಾವಣಿಯನ್ನು ದಾಟಿ ಮೈದಾನದತ್ತ ಬಾಗಿ ನೋಡುವಂತೆ ಅವನ್ನು ಕೂಡಿಸಿದ್ದರು. ಇಂದಿಗೂ ಒಳಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವುದು ಆ ಬಾಗಿದ ಗೋಪುರಗಳೇ.

ಆಟದ ದೃಷ್ಟಿಯಿಂದ ಬ್ಯಾರನ್ಸ್ ಚರಿತ್ರೆಯ ದೊಡ್ಡ ದಿನ 1931ರ ಡಿಕ್ಸಿ ಸೀರೀಸ್ ಎಂಬ ಸರಣಿಯ ಮೊದಲ ಪಂದ್ಯ. ಹ್ಯೂಸ್ಟನ್ ತಂಡದ ಪರ ಎಸೆಯಲು ನಿಂತವರು ಡಿಜ್ಜಿ ಡೀನ್. ಇಪ್ಪತ್ತರ ಆಸುಪಾಸಿನ ವಯಸ್ಸು, ಗೆದ್ದೇ ಗೆಲ್ಲುತ್ತೇನೆಂದು ಸಾರಿಕೊಂಡು ಬಂದಿದ್ದರು. ಬ್ಯಾರನ್ಸ್ ಪರ ರೇ ಕಾಲ್ಡ್‌ವೆಲ್. ವಯಸ್ಸು ನಲವತ್ತು ದಾಟಿತ್ತು. ಇಪ್ಪತ್ತು ಸಾವಿರ ಜನರ ಮುಂದೆ ಹಿರಿಯರೇ 1–0ರಿಂದ ಗೆದ್ದರು. ಡೀನ್ ಮುಂದೆ ಮೇಜರ್ ಲೀಗ್‌ನ ಮಹಾನ್ ಪಿಚರ್‌ಗಳಲ್ಲಿ ಒಬ್ಬರಾದರು. ಆದರೂ ಬರ್ಮಿಂಗ್‌ಹ್ಯಾಮ್‌ನವರು ಬಹುಕಾಲ ಹೇಳಿಕೊಂಡದ್ದು ಕಾಲ್ಡ್‌ವೆಲ್ ಕಥೆಯನ್ನೇ.

ಭಾನುವಾರದ ಬ್ಲ್ಯಾಕ್ ಬ್ಯಾರನ್ಸ್

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ರಿಕ್‌ವುಡ್‌ನ ಅರ್ಧ ಚರಿತ್ರೆಯನ್ನಷ್ಟೇ ಹೇಳಿದಂತೆ. 1920ರಲ್ಲಿ ಕಪ್ಪು ಆಟಗಾರರ ತಂಡ ಬರ್ಮಿಂಗ್‌ಹ್ಯಾಮ್ ಬ್ಲ್ಯಾಕ್ ಬ್ಯಾರನ್ಸ್ ಆರಂಭವಾಯಿತು. ಬಿಳಿಯರ ಲೀಗ್‌ಗಳು ಕಪ್ಪು ಜನರಿಗೆ ಬಾಗಿಲು ಮುಚ್ಚಿದ್ದ ಕಾಲ. ಅವರು ತಮ್ಮದೇ ನೀಗ್ರೋ ಲೀಗ್‌ಗಳನ್ನು ಕಟ್ಟಿಕೊಂಡರು. ಬಿಳಿಯರ ಬ್ಯಾರನ್ಸ್ ಪರ ಊರಿಗೆ ಹೋದ ದಿನಗಳಲ್ಲಿ ರಿಕ್‌ವುಡ್ ಬಾಡಿಗೆಗೆ ಸಿಗುತ್ತಿತ್ತು. ಹೀಗೆ ಒಂದೇ ಅಂಗಣ ಎರಡು ತಂಡಗಳ ಮನೆಯಾಯಿತು. ಆ ಎರಡು ತಂಡಗಳು ಮಾತ್ರ ಪರಸ್ಪರ ಎದುರಾಗಿ ಆಡುವಂತಿರಲಿಲ್ಲ.

ಈ ತಂಡದ ಬೇರು ಇದ್ದದ್ದು ಗಣಿ ಮತ್ತು ಕಾರ್ಖಾನೆಗಳಲ್ಲಿ. ಉಕ್ಕಿನ ಕಂಪನಿಗಳು ಕೆಲಸಗಾರರ ತಂಡಗಳನ್ನು ಸಾಕುತ್ತಿದ್ದವು. ವಾರವೆಲ್ಲ ಕುಲುಮೆಯ ಮುಂದೆ ದುಡಿದವರು ರಜೆಯಲ್ಲಿ ಬ್ಯಾಟು ಹಿಡಿಯುತ್ತಿದ್ದರು. ಪೈಪರ್ ಎಂಬ ಕಲ್ಲಿದ್ದಲ ಗಣಿ ಊರಿನಿಂದ ಬಂದ ಲೊರೆಂಜೊ ಡೇವಿಸ್‌ಗೆ ಆ ಊರಿನ ಹೆಸರೇ ಅಂಟಿ, ‘ಪೈಪರ್ ಡೇವಿಸ್’ ಎಂದೇ ಪ್ರಸಿದ್ಧರಾದರು. ಅದಕ್ಕೂ ಮೊದಲು, 1927ರಲ್ಲಿ ಸ್ಯಾಚೆಲ್ ಪೇಜ್ ಈ ತಂಡಕ್ಕೆ ಬಂದು ತಮ್ಮ ವೇಗದ ಎಸೆತದಿಂದ ಹೆಸರು ಮಾಡಿದರು.

ಭಾನುವಾರ ಬೆಳಗಿನ ಪ್ರಾರ್ಥನೆ ಮುಗಿಸಿ ಕಪ್ಪು ಕುಟುಂಬಗಳು ಚರ್ಚಿನಿಂದ ನೇರವಾಗಿ ರಿಕ್‌ವುಡ್‌ಗೆ ಬರುತ್ತಿದ್ದವು. ಗಂಡಸರು ಸೂಟು, ಟೋಪಿಯಲ್ಲಿ. ಹೆಂಗಸರು ಹಬ್ಬಕ್ಕೆಂದು ಎತ್ತಿಟ್ಟ ಉಡುಪಿನಲ್ಲಿ. ವಾರದ ಉಳಿದ ದಿನ ಬಸ್ಸಿನಲ್ಲಿ ಹಿಂದೆ ಕೂರಬೇಕಾಗಿದ್ದ, ಹೋಟೆಲಿನ ಮುಂಬಾಗಿಲಲ್ಲಿ ಕಾಲಿಡುವಂತಿಲ್ಲದ ಜನ, ಆ ಮಧ್ಯಾಹ್ನ ಮುಖ್ಯ ಗ್ಯಾಲರಿಯ ಒಳ್ಳೆಯ ಆಸನಗಳಲ್ಲಿ ಕೂತು ತಮ್ಮವರ ಆಟ ನೋಡುತ್ತಿದ್ದರು. ಆ ಕೆಲವು ಗಂಟೆಗಳ ಮಟ್ಟಿಗೆ ಕ್ರೀಡಾಂಗಣ ಪೂರ್ತಿಯಾಗಿ ಅವರದು. ಒಂದು ಸಮುದಾಯಕ್ಕೆ ಸ್ವಾಭಿಮಾನದ ಜಾಗ ಎಂದರೆ ಏನು ಎಂಬುದನ್ನು ತಿಳಿಯಲು ಈ ಒಂದು ಮಧ್ಯಾಹ್ನವನ್ನು ಊಹಿಸಿಕೊಂಡರೆ ಸಾಕು.

1943, 1944 ಮತ್ತು 1948ರಲ್ಲಿ ಬ್ಲ್ಯಾಕ್ ಬ್ಯಾರನ್ಸ್ ನೀಗ್ರೋ ಅಮೆರಿಕನ್ ಲೀಗ್ ಗೆದ್ದಿತು. 1948ರಲ್ಲಿ ತಂಡದ ನಾಯಕತ್ವ ಪೈಪರ್ ಡೇವಿಸ್ ಅವರದು. ಆ ವರ್ಷ ಅವರು ಹತ್ತಿರದ ಫೇರ್‌ಫೀಲ್ಡ್‌ನ ಹೈಸ್ಕೂಲು ಹುಡುಗನೊಬ್ಬನನ್ನು ತಂಡಕ್ಕೆ ತಂದರು. ಕಾರ್ಖಾನೆ ತಂಡಗಳಲ್ಲಿ ಆಡಿದ್ದ ತಂದೆಯ ಮಗ, ವಯಸ್ಸು ಹದಿನೇಳು, ಹೆಸರು ವಿಲ್ಲಿ ಮೇಸ್. ಶಾಲೆ ತಪ್ಪಿಸುವಂತಿರಲಿಲ್ಲವಾದ್ದರಿಂದ ಮೊದಮೊದಲು ಊರಿನಲ್ಲಿ ನಡೆಯುವ ವಾರಾಂತ್ಯದ ಪಂದ್ಯಗಳಿಗಷ್ಟೇ ಬರುತ್ತಿದ್ದ. ಆ ವರ್ಷದ ನೀಗ್ರೋ ವರ್ಲ್ಡ್ ಸೀರೀಸ್‌ನಲ್ಲಿ ಹೋಮ್‌ಸ್ಟೆಡ್ ಗ್ರೇಸ್ ಎದುರು ಬ್ಲ್ಯಾಕ್ ಬ್ಯಾರನ್ಸ್ ಗೆದ್ದದ್ದು ಒಂದೇ ಪಂದ್ಯ. ಅದು ನಡೆದದ್ದು ರಿಕ್‌ವುಡ್‌ನಲ್ಲಿ. ಪಿಚರ್ ಬಿಲ್ ಗ್ರೀಸನ್ ಎದುರಾಳಿಗಳನ್ನು ತಡೆದರು. ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಮೇಸ್ ಹೊಡೆದ ಚೆಂಡು ಗೆಲುವಿನ ರನ್ ತಂದಿತು. ನೀಗ್ರೋ ವರ್ಲ್ಡ್ ಸೀರೀಸ್ ಮತ್ತೆಂದೂ ನಡೆಯಲಿಲ್ಲ. ಕಪ್ಪು ಆಟಗಾರ ಜಾಕಿ ರಾಬಿನ್ಸನ್ 1947ರಲ್ಲೇ ಮೇಜರ್ ಲೀಗ್‌ನ ಬಾಗಿಲು ತೆರೆಸಿದ್ದರು. ಪ್ರತಿಭಾವಂತರು ಒಬ್ಬೊಬ್ಬರಾಗಿ ಅತ್ತ ನಡೆದರು. ಮೇಸ್ 1950ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಜೊತೆ ಸಹಿ ಹಾಕಿ, ಮುಂದೆ ಆಟದ ಸಾರ್ವಕಾಲಿಕ ಶ್ರೇಷ್ಠರಲ್ಲಿ ಒಬ್ಬರಾದರು.

ಬಲಬದಿಯ ಬೆಂಚುಗಳು

ಬಿಳಿಯರ ಬ್ಯಾರನ್ಸ್ ಆಡುವ ದಿನ ಅದೇ ಕಪ್ಪು ಪ್ರೇಕ್ಷಕರು ಟಿಕೆಟ್ ಕೊಂಡರೂ ಕೂರಬೇಕಾಗಿದ್ದದ್ದು ಬಲಬದಿಯ ಔಟ್‌ಫೀಲ್ಡಿನಾಚೆಗಿನ ಬೆಂಚುಗಳಲ್ಲಿ. ಬ್ಲ್ಯಾಕ್ ಬ್ಯಾರನ್ಸ್ ಪಂದ್ಯಕ್ಕೆ ಬರುವ ಬಿಳಿಯರಿಗೂ ಪ್ರತ್ಯೇಕ ಜಾಗವಿತ್ತು. ನಗರದ ಶಾಸನವೇ ಹಾಗಿತ್ತು. 1950ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿ, ಎರಡೂ ವರ್ಣದವರು ಜೊತೆಯಾಗಿ ಬೇಸ್‌ಬಾಲ್ ಇರಲಿ, ಇಸ್ಪೀಟು, ಚೆಕರ್ಸ್ ಆಡುವುದೂ ಅಪರಾಧ ಎಂದು ಬರೆಯಲಾಯಿತು. 1953ರಲ್ಲಿ ಜಾಕಿ ರಾಬಿನ್ಸನ್ ತಮ್ಮ ಮಿಶ್ರ ತಂಡದೊಂದಿಗೆ ಪ್ರದರ್ಶನ ಪಂದ್ಯಕ್ಕೆ ಬಂದಾಗ, ಬರ್ಮಿಂಗ್‌ಹ್ಯಾಮ್‌ನಲ್ಲಿ ಬಿಳಿಯ ಆಟಗಾರರನ್ನು ಹೊರಗಿಟ್ಟೇ ಆಡಬೇಕಾಯಿತು.

ಈ ಶಾಸನದ ಕಾವಲುಗಾರರಾಗಿದ್ದ ಯೂಜೀನ್ ‘ಬುಲ್’ ಕಾನರ್ ಅವರ ಕಥೆಯೂ ರಿಕ್‌ವುಡ್‌ನೊಂದಿಗೆ ಹೆಣೆದುಕೊಂಡಿದೆ. ರಾಜಕೀಯಕ್ಕೆ ಬರುವ ಮೊದಲು ಕಾನರ್ ಬ್ಯಾರನ್ಸ್ ಪಂದ್ಯಗಳ ರೇಡಿಯೋ ವೀಕ್ಷಕ ವಿವರಣೆಗಾರ. ಪರ ಊರಿನ ಪಂದ್ಯಗಳ ವಿವರ ತಂತಿಯ ಮೂಲಕ ಬರುತ್ತಿತ್ತು. ಅದನ್ನು ಓದಿಕೊಂಡು, ಕಣ್ಣೆದುರೇ ಆಟ ನಡೆಯುತ್ತಿದೆ ಎನ್ನಿಸುವಂತೆ ಬಣ್ಣಿಸುತ್ತಿದ್ದರು. ಮನೆಮನೆಗೂ ಪರಿಚಿತವಾದ ಆ ದನಿಯೇ ಅವರಿಗೆ ಮತ ತಂದುಕೊಟ್ಟಿತು. 1963ರ ಮೇ ತಿಂಗಳಲ್ಲಿ, ನಗರದ ಸಾರ್ವಜನಿಕ ಸುರಕ್ಷತಾ ಆಯುಕ್ತರಾಗಿ, ನಾಗರಿಕ ಹಕ್ಕುಗಳಿಗಾಗಿ ಮೆರವಣಿಗೆ ಹೊರಟ ಮಕ್ಕಳ ಮೇಲೆ ಅಗ್ನಿಶಾಮಕ ನೀರಿನ ಕೊಳವೆ ತಿರುಗಿಸಿ, ಪೊಲೀಸ್ ನಾಯಿಗಳನ್ನು ಬಿಡಿಸಿದವರು ಅವರೇ. ಅದೇ ವರ್ಷದ ಸೆಪ್ಟೆಂಬರ್ 15ರಂದು ಹದಿನಾರನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಬಾಂಬು ಸಿಡಿದು ನಾಲ್ವರು ಹೆಣ್ಣುಮಕ್ಕಳು ಸತ್ತರು.

ಆ ಹೊತ್ತಿಗೆ ರಿಕ್‌ವುಡ್ ಖಾಲಿ ಬಿದ್ದಿತ್ತು. ಬ್ಯಾರನ್ಸ್ ಆಡುತ್ತಿದ್ದ, ಕಪ್ಪು ಆಟಗಾರರನ್ನು ಕೊನೆಯವರೆಗೂ ಹೆಚ್ಚುಕಡಿಮೆ ದೂರವೇ ಇಟ್ಟ ಸದರ್ನ್ ಅಸೋಸಿಯೇಷನ್ ಲೀಗ್ 1961ರ ಋತುವಿನ ನಂತರ ಮುಚ್ಚಿಹೋಗಿತ್ತು. ಬ್ಲ್ಯಾಕ್ ಬ್ಯಾರನ್ಸ್ ಸಹ ಆ ವರ್ಷಗಳಲ್ಲೇ ಚದುರಿತು. ಒಟ್ಟಿಗೆ ಆಡಬಾರದೆಂಬ ಹಟಕ್ಕೆ ಊರು ತನ್ನ ಆಟವನ್ನೇ ಕಳೆದುಕೊಂಡಿತು.

1964ರ ತಂಡ

ಬಾಂಬು ಸಿಡಿದು ಏಳು ತಿಂಗಳಾಗುವಷ್ಟರಲ್ಲಿ, 1964ರ ವಸಂತದಲ್ಲಿ, ಬ್ಯಾರನ್ಸ್ ಮರಳಿ ಬಂದಿತು. ಈ ಸಲ ಅದು ಕಪ್ಪು, ಬಿಳಿ, ಲ್ಯಾಟಿನ್ ಆಟಗಾರರು ಕೂಡಿದ ತಂಡ. ಗ್ಯಾಲರಿಯ ವಿಭಜನೆಯೂ ಕೊನೆಗೊಂಡಿತು. ತಂಡದ ಹಿಂದಿದ್ದ ಮೇಜರ್ ಲೀಗ್ ತಂಡ ಕಾನ್ಸಾಸ್ ಸಿಟಿ ಅಥ್ಲೆಟಿಕ್ಸ್. ಅದರ ಮಾಲೀಕರಾಗಿದ್ದ ಚಾರ್ಲಿ ಫಿನ್ಲಿ ಬರ್ಮಿಂಗ್‌ಹ್ಯಾಮ್ ಸೀಮೆಯಲ್ಲೇ ಹುಟ್ಟಿ, ಬಾಲ್ಯದಲ್ಲಿ ಬ್ಯಾರನ್ಸ್ ಆಟಗಾರರಿಗೆ ಬ್ಯಾಟು ಎತ್ತಿಕೊಡುತ್ತಿದ್ದವರು. ಹೇವುಡ್ ಸಲಿವನ್ ಮ್ಯಾನೇಜರ್. ಕ್ಯೂಬಾದ ಬರ್ಟ್ ಕ್ಯಾಂಪನೆರಿಸ್, ಜಾರ್ಜಿಯಾದ ಕಪ್ಪು ಪಿಚರ್ ಜಾನ್ ‘ಬ್ಲೂ ಮೂನ್’ ಓಡಮ್ ಆ ತಂಡದಲ್ಲಿದ್ದರು. ಬೆದರಿಕೆಯ ನಡುವೆ ಆಡಿದ ತಂಡ ಎರಡನೇ ಸ್ಥಾನ ಗಳಿಸಿತು.

ಶಾಸನ ಹೋದ ಮಾತ್ರಕ್ಕೆ ಊರು ಬದಲಾಗಲಿಲ್ಲ. 1967ರಲ್ಲಿ ಬರ್ಮಿಂಗ್‌ಹ್ಯಾಮ್ ಎ’ಸ್ ಹೆಸರಿನಲ್ಲಿ ಆಡುತ್ತಿದ್ದ ರಿಕ್‌ವುಡ್‌ನ ತಂಡದಲ್ಲಿ ಕಪ್ಪು ಆಟಗಾರ ರೆಜ್ಜಿ ಜಾಕ್ಸನ್ ಇದ್ದರು. ಹೋಟೆಲುಗಳಲ್ಲಿ ಅವರಿಗೆ ಊಟ ಕೊಡಲು ನಿರಾಕರಿಸುತ್ತಿದ್ದರು. ರೆಜ್ಜಿಗೆ ಊಟವಿಲ್ಲದ ಕಡೆ ತಂಡಕ್ಕೂ ಊಟ ಬೇಡ ಎಂದು ಮ್ಯಾನೇಜರ್ ಜಾನ್ ಮೆಕ್‌ನಮಾರಾ ಎಲ್ಲರನ್ನೂ ಎಬ್ಬಿಸಿಕೊಂಡು ಹೊರಡುತ್ತಿದ್ದರು. ಸಹ ಆಟಗಾರ ಜೋ ರೂಡಿ ತಮ್ಮ ಮನೆಯ ಸೋಫಾದಲ್ಲಿ ಅವರನ್ನು ಮಲಗಿಸಿಕೊಂಡರು. ಅದಕ್ಕೆ ಮನೆಗೇ ಬೆಂಕಿ ಹಚ್ಚುವ ಬೆದರಿಕೆ ಬಂತು. ಆ ವರ್ಷ ತಂಡ ಲೀಗ್ ಗೆದ್ದಿತು.

ಉಳಿಸಿಕೊಂಡವರು

1981ರಲ್ಲಿ ಬ್ಯಾರನ್ಸ್ ಹೆಸರು ರಿಕ್‌ವುಡ್‌ಗೆ ಮತ್ತೆ ಬಂತು. ಆದರೆ 1987ರಲ್ಲಿ ಪ್ರಶಸ್ತಿ ಗೆದ್ದ ಬೆನ್ನಲ್ಲೇ ತಂಡ ಹೂವರ್ ಎಂಬ ಉಪನಗರದ ಹೊಸ ಕ್ರೀಡಾಂಗಣಕ್ಕೆ ಹೊರಟುಹೋಯಿತು. 2013ರಿಂದ ಅದು ನಗರದ ನಡುವಿನ ರೀಜನ್ಸ್ ಫೀಲ್ಡಿನಲ್ಲಿ ಆಡುತ್ತಿದೆ. ತಂಡ ಬಿಟ್ಟುಹೋದ ಹಳೆಯ ಮೈದಾನಗಳ ಗತಿ ಅಮೆರಿಕದಲ್ಲಿ ಸಾಮಾನ್ಯವಾಗಿ ಒಂದೇ: ಕೆಡವಿ ವಾಹನ ನಿಲ್ದಾಣವನ್ನೋ ವಸತಿಯನ್ನೋ ಕಟ್ಟುವುದು. ರಿಕ್‌ವುಡ್‌ಗೆ ಮಾದರಿಯಾಗಿದ್ದ ಫೋರ್ಬ್ಸ್ ಫೀಲ್ಡ್, ಶೈಬ್ ಪಾರ್ಕ್ ಎರಡೂ ಎಂದೋ ನೆಲಸಮವಾಗಿದ್ದವು.

ಇಲ್ಲಿ ಹಾಗಾಗದಂತೆ ತಡೆದವರು ಊರಿನ ಸಾಮಾನ್ಯ ಅಭಿಮಾನಿಗಳು. 1992ರಲ್ಲಿ ‘ಫ್ರೆಂಡ್ಸ್ ಆಫ್ ರಿಕ್‌ವುಡ್’ ಎಂಬ ಸಂಘ ಕಟ್ಟಿದರು. ಚಾವಣಿ, ಪತ್ರಕರ್ತರ ಕೊಠಡಿ, ಕೈಯಿಂದಲೇ ಅಂಕಿ ಬದಲಿಸುವ ಸ್ಕೋರ್‌ಬೋರ್ಡು ಒಂದೊಂದಾಗಿ ಹಳೆಯ ರೂಪಕ್ಕೆ ಮರಳಿದವು. 1993ರಲ್ಲಿ ಮೈದಾನ ರಾಷ್ಟ್ರೀಯ ಚಾರಿತ್ರಿಕ ಸ್ಥಳಗಳ ಪಟ್ಟಿಗೆ ಸೇರಿತು. 1996ರಿಂದ ‘ರಿಕ್‌ವುಡ್ ಕ್ಲಾಸಿಕ್’ ಪಂದ್ಯ ಶುರುವಾಯಿತು. ಬ್ಯಾರನ್ಸ್ ಹಳೆಯ ಕಾಲದ ಸಮವಸ್ತ್ರ ತೊಟ್ಟು ಹಳೆಯ ಮನೆಗೆ ಬಂದು ಆಡುತ್ತಿತ್ತು. ಶಾಲೆಗಳ ತಂಡಗಳೂ, ಕಪ್ಪು ವಿದ್ಯಾರ್ಥಿಗಳಿಗಾಗಿ ಸ್ಥಾಪಿತವಾದ ಮೈಲ್ಸ್ ಕಾಲೇಜಿನ ತಂಡವೂ ಇಲ್ಲಿ ಆಡಿದವು. ‘ಕಾಬ್’, ಜಾಕಿ ರಾಬಿನ್ಸನ್ ಬದುಕಿನ ‘42’ ಚಲನಚಿತ್ರಗಳ ದೃಶ್ಯಗಳನ್ನು ಚಿತ್ರೀಕರಿಸಿದ್ದೂ ಇಲ್ಲಿಯೇ.

2024ರ ಜೂನ್

2024ರ ಜೂನ್ 20ರಂದು ರಿಕ್‌ವುಡ್‌ನಲ್ಲಿ ಮೊದಲ ಬಾರಿಗೆ ಮೇಜರ್ ಲೀಗ್‌ನ ಅಧಿಕೃತ ಪಂದ್ಯ ನಡೆಯಿತು. ನೀಗ್ರೋ ಲೀಗ್‌ಗಳ ಗೌರವಾರ್ಥ ಏರ್ಪಟ್ಟ ಪಂದ್ಯವದು. ಅದಕ್ಕೆ ಎರಡು ದಿನ ಮೊದಲು, ಜೂನ್ 18ರಂದು, ವಿಲ್ಲಿ ಮೇಸ್ ತಮ್ಮ 93ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಸಂಜೆ ರಿಕ್‌ವುಡ್‌ನಲ್ಲಿ ಮೈನರ್ ಲೀಗ್ ಪಂದ್ಯ ನಡೆಯುತ್ತಿರುವಾಗಲೇ ಸುದ್ದಿ ಬಂತು. ಪ್ರೇಕ್ಷಕರು ಎದ್ದುನಿಂತು ಚಪ್ಪಾಳೆ ತಟ್ಟಿದರು. 20ರ ಗುರುವಾರದ ಪಂದ್ಯಕ್ಕೆ ಸಾಂಕೇತಿಕ ಮೊದಲ ಎಸೆತ ಎಸೆದವರು 99 ವರ್ಷದ ಬಿಲ್ ಗ್ರೀಸನ್. 1948ರ ಆ ಗೆಲುವಿನ ಪಿಚರ್, 1954ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಪರ ಆಡಿ, ಮುಂದೆ ಬರ್ಮಿಂಗ್‌ಹ್ಯಾಮ್‌ನಲ್ಲೇ ಪಾದ್ರಿಯಾದವರು. ಮೇಸ್ ಆಡಿದ್ದ ಜೈಂಟ್ಸ್ ತಂಡವನ್ನು ಗ್ರೀಸನ್ ಆಡಿದ್ದ ಕಾರ್ಡಿನಲ್ಸ್ 6–5ರಿಂದ ಸೋಲಿಸಿತು. ಅಂಪೈರುಗಳೆಲ್ಲರೂ ಕಪ್ಪು ವರ್ಣೀಯರು; ಮೇಜರ್ ಲೀಗ್ ಚರಿತ್ರೆಯಲ್ಲಿ ಹಾಗಾದದ್ದು ಅದೇ ಮೊದಲು.

ಆ ದಿನ ನೇರ ಪ್ರಸಾರದಲ್ಲಿ ರೆಜ್ಜಿ ಜಾಕ್ಸನ್ ತಾವು 1967ರಲ್ಲಿ ಉಂಡ ಅವಮಾನಗಳನ್ನು ಒಂದನ್ನೂ ಬಿಡದೆ ಹೇಳಿದರು. ಸಂಭ್ರಮದ ದಿನ ಅದೇಕೆ ಎಂದು ಯಾರಿಗಾದರೂ ಅನ್ನಿಸಿದ್ದರೆ, ಅವರು ರಿಕ್‌ವುಡ್‌ನ ಮಹತ್ವವನ್ನು ಪೂರ್ತಿ ತಿಳಿದಿಲ್ಲ. ಆ ಮಾತಿಗೆ ಅಲ್ಲಿಗಿಂತ ತಕ್ಕ ಜಾಗ ಇನ್ನೊಂದಿರಲಿಲ್ಲ. ಮೈದಾನ ನೆಲಸಮವಾಗಿದ್ದರೆ ಆ ಪಂದ್ಯವೂ ಇಲ್ಲ, ಆ ಸಾಕ್ಷ್ಯಕ್ಕೆ ವೇದಿಕೆಯೂ ಇಲ್ಲ.

ಸಂಸ್ಥೆಗಳ ಚರಿತ್ರೆ ಬರೆಯುವಾಗ ಗೆದ್ದ ಟ್ರೋಫಿಗಳನ್ನೂ ದಾನಿಗಳ ಹೆಸರನ್ನೂ ಪಟ್ಟಿ ಮಾಡಿ ಮುಗಿಸುವುದು ಸುಲಭ. ರಿಕ್‌ವುಡ್ ಉಳಿಸಿದವರು ಆ ಸುಲಭದ ದಾರಿ ಹಿಡಿಯಲಿಲ್ಲ. ವುಡ್‌ವರ್ಡ್ ಕಟ್ಟಿಸಿದ್ದನ್ನು ಹೇಳುವವರು ಬಲಬದಿಯ ಬೆಂಚುಗಳಲ್ಲಿ ಯಾರು, ಏಕೆ ಕೂತಿದ್ದರು ಎಂಬುದನ್ನೂ ಹೇಳುತ್ತಾರೆ. ಕಾಲ್ಡ್‌ವೆಲ್ ಗೆಲುವಿನ ಜೊತೆಗೇ ಗ್ರೀಸನ್ ಗೆಲುವನ್ನೂ ನೆನೆಯುತ್ತಾರೆ. ಊರಿನ ಹಳೆಯ ಕಟ್ಟಡವೊಂದನ್ನು ಉಳಿಸಲು ಹೊರಟ ಯಾವುದೇ ಸಂಘ, ಯಾವುದೇ ದೇಶದಲ್ಲಿರಲಿ, ಇವರಿಂದ ಕಲಿಯಬೇಕಾದದ್ದು ಇದನ್ನೇ: ಗೋಡೆ, ಚಾವಣಿಯ ದುರಸ್ತಿಗೆ ಹಣ ಕೂಡಿಸುವಾಗಲೇ, ಹೊರಗಿಡಲ್ಪಟ್ಟವರ ನೆನಪುಗಳನ್ನೂ ಕೂಡಿಸಿಕೊಳ್ಳಬೇಕು. ಅವರು ಬದುಕಿರುವಾಗಲೇ ಕೇಳಿ ಬರೆದುಕೊಳ್ಳಬೇಕು. ಆಗ ಮಾತ್ರ ಆ ಕಟ್ಟಡ ಊರಿನ ಎಲ್ಲರದೂ ಆಗುತ್ತದೆ.