ತಳ್ಳಿಹಾಕಿದ ಅರ್ಜಿಗಳೇ ಸಾಕ್ಷಿ ಹೇಳಿದವು

1973ರ ಸೆಪ್ಟೆಂಬರ್ 11ರಂದು ದಕ್ಷಿಣ ಅಮೆರಿಕದ ಚಿಲಿಯಲ್ಲಿ ಜನರಲ್ ಪಿನೊಚೆ ಮತ್ತು ಸೇನೆ ಚುನಾಯಿತ ಸರ್ಕಾರವನ್ನು ಉರುಳಿಸಿ ಅಧಿಕಾರ ಹಿಡಿದರು. ಮುಂದೆ ಸುಮಾರು 17 ವರ್ಷ ಸರ್ವಾಧಿಕಾರ. 3 ಸಾವಿರಕ್ಕೂ ಹೆಚ್ಚು ಜನ ಕೊಲೆಯಾದರು ಇಲ್ಲವೇ ಕಾಣೆಯಾದರು. ಲಕ್ಷಾಂತರ ಮಂದಿ ದೇಶ ಬಿಟ್ಟರು. ವಾಪಸು ಬರಬಾರದವರ ಪಾಸ್‌ಪೋರ್ಟಿನಲ್ಲಿ ‘ಎಲ್’ ಅಕ್ಷರ ಒತ್ತಲಾಗುತ್ತಿತ್ತು.

ಹಿಡಿದೊಯ್ದವರು ಎಲ್ಲಿ ಎಂದು ಕೇಳಿದರೆ, ಅಂಥವರನ್ನು ಬಂಧಿಸಿಯೇ ಇಲ್ಲ ಎಂಬ ಉತ್ತರ. 1976ರಲ್ಲಿ ಕಾರ್ಡಿನಲ್ ಸಿಲ್ವಾ ಹೆನ್ರಿಕೆಸ್ ರಾಜಧಾನಿ ಸ್ಯಾಂಟಿಯಾಗೊದಲ್ಲಿ ಚರ್ಚಿನ ವತಿಯಿಂದ ‘ವಿಕಾರಿಯಾ’ ಎಂಬ ನೆರವಿನ ಕಚೇರಿ ತೆರೆದರು. ಅಲ್ಲಿನ ವಕೀಲರು ಮನೆಯವರ ಹೇಳಿಕೆ ಬರೆದುಕೊಂಡು ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುತ್ತ ಹೋದರು. ನ್ಯಾಯಾಲಯಗಳು ಹೆಚ್ಚುಕಡಿಮೆ ಎಲ್ಲವನ್ನೂ ತಳ್ಳಿಹಾಕಿದವು. ಆದರೆ ವಿಕಾರಿಯಾ ಪ್ರತಿಗಳನ್ನು ಜೋಪಾನ ಮಾಡಿತು: ಯಾರು, ಯಾವತ್ತು, ಎಲ್ಲಿಂದ, ನೋಡಿದವರು ಯಾರು.

1973ರ ಅಕ್ಟೋಬರ್‌ನಲ್ಲಿ ಇಸ್ಲಾ ದೆ ಮೈಪೊ ಎಂಬ ಹಳ್ಳಿಗಾಡಿನಿಂದ ಪೊಲೀಸರು 15 ಗಂಡಸರನ್ನು ಒಯ್ದಿದ್ದರು. ಹೆಚ್ಚಿನವರು ರೈತಾಪಿಗಳು. 1978ರ ಕೊನೆಗೆ ಲೊಂಕೆನ್‌ನ ಪಾಳುಬಿದ್ದ ಸುಣ್ಣದ ಗೂಡುಗಳಲ್ಲಿ ಅವರ ಅವಶೇಷಗಳು ಸಿಕ್ಕವು. ಕಾಣೆಯಾದವರು ಸತ್ತಿದ್ದಾರೆ ಎಂಬುದನ್ನು ಇನ್ನು ಅಲ್ಲಗಳೆಯುವಂತಿರಲಿಲ್ಲ.

1990ರಲ್ಲಿ ಪ್ರಜಾಪ್ರಭುತ್ವ ಮರಳಿತು. ಸತ್ಯಶೋಧನೆಗೆ ನೇಮಕವಾದ ರೆಟ್ಟಿಗ್ ಆಯೋಗಕ್ಕೆ ದೊಡ್ಡ ಆಸರೆಯಾದದ್ದು ವಿಕಾರಿಯಾದ ಈ ಕಡತಗಳೇ. 1991ರ ಅದರ ವರದಿಯಲ್ಲಿ ಸತ್ತವರ, ಕಾಣೆಯಾದವರ ಹೆಸರುಗಳು ಸರ್ಕಾರಿ ದಾಖಲೆ ಸೇರಿದವು.

ತಾಲ್ಲೂಕು ಸುದ್ದಿ ಬರೆಯುವ ನಾವು, ಹಿಂಬರಹ ಬಂದೊಡನೆ ಅರ್ಜಿಯ ಪ್ರತಿ ಬಿಸಾಡುವವರನ್ನು ದಿನವೂ ನೋಡುತ್ತೇವೆ. ಬಿಸಾಡಬೇಡಿ. ಅರ್ಜಿ ತಿರಸ್ಕಾರವಾದರೂ ಅದರ ಮೇಲಿನ ಹೆಸರು, ದಿನಾಂಕ ಉಳಿಯುತ್ತವೆ. ಮುಂದೊಂದು ದಿನ ಕೇಳುವವರು ಬಂದಾಗ ತೋರಿಸಲು ಅದೇ ಬೇಕಾಗುತ್ತದೆ.